ಹೆಸರು ಓದದ ಸುದ್ದಿ

ಸತೀಶ್ ಕುಮಾರ್ ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚುತ್ತಾ, "ಗುರುವಾರ ಸಂಧ್ಯಾರಾಣಿ. ಈ ವಾರದ ಮೂರು ಸುದ್ದಿ, ಮೂರು ನಿಮಿಷ" ಎಂದರು. ಹೊನ್ನಾಳಿಯ ಆ ಬಿ.ಎಡ್. ತರಗತಿಯಲ್ಲಿ ಉಳಿದವರಿಗೆ ಅದು ಹತ್ತು ಅಂಕದ ಸಣ್ಣ ಕೆಲಸ. ಗೋವಿನಕೋವಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ, ಇಪ್ಪತ್ತೆಂಟು ದಾಟಿದ ಸಂಧ್ಯಾರಾಣಿ ಹದಿನಾರು ವರ್ಷದಿಂದ ಪತ್ರಿಕೆಯನ್ನು ಗಟ್ಟಿಯಾಗಿ ಓದಿದವಳಲ್ಲ.

ಏಳನೇ ತರಗತಿಯಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸುದ್ದಿ ಓದುವವಳು ಅವಳೇ. ದನಿ ರಸ್ತೆಯವರೆಗೂ ಕೇಳುತ್ತಿತ್ತು. ಒಂದು ದಿನ, ಆಗಷ್ಟೇ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಮೊದಲೊಮ್ಮೆ ನೋಡಿಕೊಳ್ಳದೆ ಓದಿಬಿಟ್ಟಳು: ಟೆಂಪೊ ಮಗುಚಿ ಇಬ್ಬರ ಸಾವು, ಒಬ್ಬರು ಗೋವಿನಕೋವಿಯ ಗಾದ್ರಪ್ಪ. ಎರಡನೇ ಸಾಲಿನಲ್ಲಿ ಗಾದ್ರಪ್ಪನ ಮಗಳು ಪವಿತ್ರ ಕೈಮುಗಿದು ನಿಂತಿದ್ದಳು. ಮನೆಗಿನ್ನೂ ಸುದ್ದಿ ಮುಟ್ಟಿರಲಿಲ್ಲ.

"ನಮ್ಮಪ್ಪ ಇವತ್ತು ಬರ್ತೈತೆ" ಎಂದು ತಪ್ಪು ತಿದ್ದುವವಳಂತೆ ಹೇಳಿ, ಆಮೇಲೆ ಆ ಹುಡುಗಿ ಮನೆ ಕಡೆ ಓಡಿದಳು. ಸಂಧ್ಯಾರಾಣಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ.

ಬುಧವಾರ ಬಸ್ ನಿಲ್ದಾಣದಲ್ಲಿ ಪತ್ರಿಕೆ ಕೊಂಡಳು. ಅಪಘಾತ, ಶ್ರದ್ಧಾಂಜಲಿಯ ಪುಟಗಳನ್ನು ಮಡಚಿ ಚೀಲದ ತಳಕ್ಕೆ ತುರುಕಿದಳು. ಆರಿಸಿಕೊಂಡದ್ದು ಅಡಿಕೆ ಧಾರಣೆ, ತುಂಗಭದ್ರೆಯ ನೀರಿನ ಮಟ್ಟ, ಹತ್ತನೇ ತರಗತಿಯ ಪೂರಕ ಪರೀಕ್ಷೆ. ಅವುಗಳಲ್ಲೂ ಯಾರದ್ದಾದರೂ ಹೆಸರಿದೆಯೇ ಎಂದು ಮೂರು ಸಲ ಹುಡುಕಿದಳು. ಮನೆಯಲ್ಲಿ ತಾಯಿ ಹನುಮಂತಮ್ಮನ ಮುಂದೆ ಹೇಳಿ ನೋಡಲು ಹೋದವಳು ಮೊದಲ ವಾಕ್ಯಕ್ಕೇ ನಿಲ್ಲಿಸಿ ಚೀಟಿ ಮಡಚಿಟ್ಟಳು.

"ಹುಷಾರಿಲ್ಲ ಅಂತ ಹೇಳಿ ಮನ್ಯಾಗೇ ಇದ್ದುಬಿಡು" ಎಂದಳು ತಾಯಿ.

"ಟೀಚರಾಗಾಕೆ ಹೊಂಟೋಳು ಹಿಂಗೆ ಅಂಜಿದ್ರೆ ಹೆಂಗಮ್ಮ?" ಧೈರ್ಯಕ್ಕೆ ಆಡಿದ ಮಾತಲ್ಲ; ಅವಳಿಗೆ ನಿಜಕ್ಕೂ ಉತ್ತರ ಬೇಕಿತ್ತು.

ಗುರುವಾರ ಅವಳು ಎದುರಿಗೆ ನಿಂತು ಚೀಟಿ ಬಿಡಿಸುವಷ್ಟರಲ್ಲಿ ಮೇಷ್ಟ್ರು ತಮ್ಮ ಮೊಬೈಲ್ ಅವಳ ಮುಂದೆ ಹಿಡಿದರು. "ಇದನ್ನೇ ಮೊದ್ಲು ಓದಮ್ಮ, ಈಗಷ್ಟೇ ಬಂದೈತೆ." ಚನ್ನಗಿರಿ ರಸ್ತೆಯಲ್ಲಿ ಬಸ್ಸಿಗೆ ಲಾರಿ ಡಿಕ್ಕಿ. ಕೆಳಗೆ ಸತ್ತವರು, ಗಾಯಗೊಂಡವರು ಸೇರಿ ಏಳು ಹೆಸರು.

ಅವಳು ಹೆಸರುಗಳತ್ತ ಕಣ್ಣು ಹಾಯಿಸಲಿಲ್ಲ. ತಲೆಯೆತ್ತಿ ಬೆಂಚುಗಳನ್ನು ನೋಡಿದಳು.

"ಸರ್, ನಾನು ಹೆಸ್ರು ಓದಾಕಿಲ್ಲ. ಯಾರ ಮನೆಗಿನ್ನೂ ಗೊತ್ತಾಗಿಲ್ವೋ ಏನೋ." ಆಮೇಲೆ ತರಗತಿಗೆ ಹೇಳಿದಳು: "ಚನ್ನಗಿರಿ ಕಡೇರು ಮೊದ್ಲು ಮನೆಗೆ ಫೋನ್ ಮಾಡ್ಕೊಂಡು ಬರ್ರಿ."

ಮೇಷ್ಟ್ರು ಮೊಬೈಲ್ ವಾಪಸು ತೆಗೆದುಕೊಂಡರು. ಐದಾರು ಜನ ಹೊರಗೆ ಹೋದರು. ಅವರಲ್ಲಿ ಮೇಘಶ್ರೀಯೂ ಒಬ್ಬಳು; ಅವಳ ಅಣ್ಣ ನಿಂಗರಾಜ್ ಆ ದಾರಿಯಲ್ಲೇ ಬಸ್ ಕಂಡಕ್ಟರ್. ಮೂರು ಸಲ ಅವನು ಫೋನ್ ಎತ್ತಲಿಲ್ಲ. ಬಾಗಿಲಾಚೆ ಅವಳು ಗೋಡೆಗೊರಗಿ ನಿಂತದ್ದು ಸಂಧ್ಯಾರಾಣಿಗೆ ಕಾಣುತ್ತಿತ್ತು. ನಾಲ್ಕನೇ ಸಲ ಅಣ್ಣನೇ ಮಾತಾಡಿದ. ಆಸ್ಪತ್ರೆಯಲ್ಲಿದ್ದ. ಕೈ ಮುರಿದಿತ್ತು, ಜೀವಕ್ಕೇನೂ ಆಗಿರಲಿಲ್ಲ. ಗಾಯಾಳುಗಳ ಪಟ್ಟಿಯಲ್ಲಿ ಅವನ ಹೆಸರಿತ್ತು.

ಮೇಘಶ್ರೀ ಗೆಳತಿಯೊಬ್ಬಳ ಜೊತೆ ಬಸ್ಸಿಗೆ ಹೊರಟ ಮೇಲೆ ಮೇಷ್ಟ್ರು ಮೆಲ್ಲಗೆ, "ಮುಂದುವರಿಸಮ್ಮ" ಎಂದರು. ಸಂಧ್ಯಾರಾಣಿ ಅಡಿಕೆ ಧಾರಣೆ ಓದಿದಳು, ನೀರಿನ ಮಟ್ಟ ಓದಿದಳು. ದನಿ ಮೊದಲಿಂದ ಕೊನೆಯವರೆಗೂ ನಡುಗಿತು. ಪೂರಕ ಪರೀಕ್ಷೆ ಮರೆತೇಹೋಯಿತು.

ಸಂಜೆ ಮೇಘಶ್ರೀಯ ಸಂದೇಶ ಬಂತು: "ನಾಳೆ ಅಣ್ಣಂಗೆ ಆಪರೇಷನ್. ಒಬ್ಳೇ ಇರಾಕೆ ಭಯ ಆಗ್ತೈತೆ. ಬರ್ತೀಯಾ?"

ಬರುತ್ತೇನೆಂದು ಬರೆದು, ಸಂಧ್ಯಾರಾಣಿ ನಾಳೆಯ ಬಸ್ಸಿನ ಹೊತ್ತು ವಿಚಾರಿಸಲು ಎದ್ದಳು.