ನನ್ನ ಹನ್ನೊಂದು ಡಬ್ಬಗಳು

ನನ್ನ ಷಡ್ಡಕ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ನನಗೆ ಉಳಿದಿರುವುದಿಲ್ಲ. ಅವನು ನನ್ನ ಹೆಂಡತಿಯ ತಂಗಿಯ ಗಂಡ. ನಾನು ಸ್ಕೂಟರ್, ಬೈಕು ರಿಪೇರಿ ಮಾಡುವವನು, ಅವನೂ ಅದೇ. ನನ್ನ ಶೆಡ್ಡು ರಸ್ತೆಯ ಈ ಕಡೆ, ಅವನದು ಸರಿಯಾಗಿ ಎದುರುಗಡೆ. ಶೆಡ್ಡು ಹಾಕಲು ಪುಣ್ಯಾತ್ಮನಿಗೆ ಬೇರೆ ರಸ್ತೆಯೇ ಸಿಗಲಿಲ್ಲ!

ಗಿರಾಕಿ ಬಂದರೆ ಸ್ಟೂಲು ಒರೆಸಿ ಕೂರಿಸುತ್ತಾನೆ. ಆರು ವರ್ಷದಲ್ಲಿ ಅವನ ಅಂಗಿಯ ಮೇಲೆ ಒಂದೇ ಒಂದು ಎಣ್ಣೆ ಕಲೆ ಕಂಡವನಲ್ಲ ನಾನು. ಗಾಡಿ ರಿಪೇರಿ ಮಾಡುತ್ತಾನೋ, ಗಾಡಿಯ ಮದುವೆಗೆ ಬಂದಿದ್ದಾನೋ ಎನ್ನುವ ಹಾಗಿರುತ್ತಾನೆ. ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಹೋದ ವರ್ಷ ಅವನು ತರಿಸಿದ ಕೆಂಪು ಟೂಲ್ ಟ್ರಾಲಿ. ಏಳು ಡ್ರಾಯರು, ಕೆಳಗೆ ನಾಲ್ಕು ಚಕ್ರ. ಒಂದು ಬೆರಳಲ್ಲಿ ಎಳೆದರೆ ಸುಯ್ ಎಂದು ಹೊರಗೆ ಬರುತ್ತದೆ, ಸ್ವಲ್ಪ ತಳ್ಳಿದರೆ ತಾನೇ ಹೋಗಿ ಮುಚ್ಚಿಕೊಳ್ಳುತ್ತದೆ. ದಿನಕ್ಕೆ ನೂರು ಸಲ ಆ ಸುಯ್ ರಸ್ತೆ ದಾಟಿ ಬಂದು ನನ್ನ ಹೊಟ್ಟೆಯೊಳಗೆ ಬೀಳುತ್ತಿತ್ತು. ಹೊಟ್ಟೆಕಿಚ್ಚು ಅನ್ನಿ, ನನಗೇನೂ ಬೇಜಾರಿಲ್ಲ. ಹೊಟ್ಟೆಕಿಚ್ಚೇ.

ನನ್ನಲ್ಲಿದ್ದದ್ದು ಡಬ್ಬ. ಹನ್ನೊಂದು ಡಬ್ಬ. ಎಂಜಿನ್ ಆಯಿಲ್ಲಿನ ಚೌಕ ಡಬ್ಬ, ಹಾಲಿನ ಪುಡಿಯ ದುಂಡು ಡಬ್ಬ, ಬಿಸ್ಕತ್ತಿನ ಚಪ್ಪಟೆ ಡಬ್ಬ. ಕೈ ಕೊಯ್ಯದ ಹಾಗೆ ಅವುಗಳ ಬಾಯಿ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ ಬಡಿದು, ಮಂಡಿಯೆತ್ತರದ ಓರೆ ಹಲಗೆಗೆ ಸಾಲಾಗಿ ಮೊಳೆ ಹೊಡೆದಿದ್ದೆ. ನಮ್ಮ ಕಡೆ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಕತ್ತಲಲ್ಲೂ ಗೊತ್ತಾಗಲಿ ಎಂದು ಒಂದು ಡಬ್ಬದ ಕುತ್ತಿಗೆಗೆ ಹಳೆ ಟ್ಯೂಬಿನ ರಬ್ಬರು ಸುತ್ತಿದ್ದೆ, ಇನ್ನೊಂದಕ್ಕೆ ಸೆಣಬಿನ ಹುರಿ, ಮತ್ತೊಂದಕ್ಕೆ ತಂತಿ. ಹದಿನೆಂಟು ವರ್ಷ ಹಾಗೇ ನಡೆಯಿತು. ಗಾಡಿಯ ಪಕ್ಕ ಕೂತು ಎಡಗೈ ಚಾಚಿದರೆ ಬೇಕಾದ ಸ್ಪ್ಯಾನರು ಕೈಗೆ ಬರುತ್ತಿತ್ತು. ಅದು ದೊಡ್ಡ ವಿಷಯ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ರಸ್ತೆಯವರು ನನ್ನ ಶೆಡ್ಡಿಗೆ ‘ಡಬ್ಬಾ ಗ್ಯಾರೇಜ್’ ಎಂದು ಹೆಸರಿಟ್ಟಿದ್ದರು. ಮೊದಲು ನಾನೂ ನಗುತ್ತಿದ್ದೆ. ಆ ಕೆಂಪು ಟ್ರಾಲಿ ಬಂದ ಮೇಲೆ ನಗುವುದನ್ನು ಬಿಟ್ಟೆ.

ಇಂಥ ಹೊತ್ತಿನಲ್ಲಿ ನಮ್ಮ ಮಾವ ತಮ್ಮ ವರ್ಕ್‌ಶಾಪ್ ಮುಚ್ಚಿದರು. ನಲವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದವರು. ನಾನು ಅವರ ಮಗಳನ್ನು ಮದುವೆಯಾಗುವ ಮೊದಲೇ ಅವರ ಕೈಕೆಳಗೆ ಒಂಬತ್ತು ವರ್ಷ ದುಡಿದವನು. ಷಡ್ಡಕ ಯಾವುದೋ ತರಬೇತಿ ಶಾಲೆಯಲ್ಲಿ ಕಲಿತು ಸರ್ಟಿಫಿಕೇಟ್ ಹಿಡಿದು ಬಂದವನು. ಮಾವನ ಸಾಮಾನುಗಳೆಂದರೆ ಸಾಮಾನ್ಯವಲ್ಲ: ಹಿಡಿದೂ ಹಿಡಿದೂ ಅಕ್ಷರ ಅಳಿಸಿಹೋದ ಸ್ಪ್ಯಾನರುಗಳು, ಅವರೇ ಕುಲುಮೆಯಲ್ಲಿ ಕಾಯಿಸಿ ಮಾಡಿಕೊಂಡ, ಬೇರಿಂಗ್ ಕೀಳುವ ಪುಲ್ಲರ್. ಅವು ಯಾರ ಶೆಡ್ಡಿಗೆ ಬರುತ್ತವೋ ಅವನೇ ಮಾವನ ನಿಜವಾದ ಶಿಷ್ಯ ಎಂದು ನನ್ನ ಲೆಕ್ಕ. ಅವು ನನಗೆ ಬೇಕಾಗಿದ್ದವು. ಷಡ್ಡಕನಿಗೆ ಸಿಗಬಾರದು ಎಂಬುದು ಅದಕ್ಕಿಂತ ಹೆಚ್ಚು ಬೇಕಾಗಿತ್ತು.

ಊಟಕ್ಕೆ ಸೇರಿದ್ದ ದಿನ ಮಾವ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. “ಬರೋ ತಿಂಗಳು ಮೊದಲನೇ ಭಾನುವಾರ ಇಬ್ಬರ ಶೆಡ್ಡಿಗೂ ಬರ್ತೀನಿ. ನನ್ನ ಸಾಮಾನಿಗೆ ಎಲ್ಲಿ ಜಾಗ ಸರಿಯಾಗಿದೆ ಅನ್ಸುತ್ತೋ ಅಲ್ಲಿ ಇಡ್ತೀನಿ. ಆಮೇಲೆ ಯಾರೂ ಮುಖ ಊದಿಸ್ಕೋಬಾರ್ದು.”

ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ನನ್ನ ಕಿವಿಯ ಕಡೆ ನೋಡುತ್ತಿದ್ದರು. ಆಗಲೇ ಮನಸ್ಸಿನಲ್ಲಿ ಕಿರಿ ಅಳಿಯನಿಗೆ ಕೊಟ್ಟಾಗಿದೆ, ಅದಕ್ಕೇ ನನ್ನ ಕಣ್ಣು ತಪ್ಪಿಸುತ್ತಿದ್ದಾರೆ ಎಂದುಕೊಂಡೆ.

ಮಾರನೆಯ ದಿನವೇ ನಟ್ಟು ಬಿಚ್ಚುವ ಭಾರದ ಸಾಕೆಟ್ಟುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಹೆಗಲಿಗೇರಿಸಿ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಷಡ್ಡಕನ ಟ್ರಾಲಿಯಂಥದ್ದರ ಬೆಲೆ ಕೇಳಿ ಮುಂದಕ್ಕೆ ಸರಿದೆ. ಅಗ್ಗದ ತಗಡಿನ ಪೆಟ್ಟಿಗೆಯೊಂದಿತ್ತು. ಸಾಕೆಟ್ಟು ಸುರಿದು ಎತ್ತಿದರೆ ಅದರ ತಳ ಹೊಟ್ಟೆ ಬಿಟ್ಟುಕೊಂಡಿತು. ಪ್ಲಾಸ್ಟಿಕ್ ಡ್ರಾಯರಿತ್ತು, ಪೆಟ್ರೋಲು ತಾಗಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಅಂಗಡಿಯವನು ಆಕಾಶ ನೋಡಿದ. ಗೋಡೆಗೆ ಹಾಕುವ ತೂತಿನ ಬೋರ್ಡು, ಕೊಕ್ಕೆ ಚೆನ್ನಾಗಿದ್ದವು, ಆದರೆ ನನ್ನ ಶೆಡ್ಡಿನ ಗೋಡೆ ಮೊಳೆ ಹೊಡೆದರೆ ಉದುರುವಂಥದ್ದು. ಮೂರನೆಯ ಪೆಟ್ಟಿಗೆಗೆ ಸಾಕೆಟ್ಟು ಸುರಿಯುವಾಗ ಅಂಗಡಿಯವನ ತಾಳ್ಮೆ ಮುಗಿಯಿತು.

“ಏನಣ್ಣಾ, ಪೆಟ್ಟಿಗೆ ತಗೊಳ್ಳೋಕೆ ಬಂದ್ರೋ, ಮುರಿಯೋಕೆ ಬಂದ್ರೋ?”

“ಮುರಿಯೋ ಪೆಟ್ಟಿಗೆ ನೀನ್ಯಾಕೆ ಇಟ್ಕೊಂಡಿದ್ದೀಯಾ?” ಎಂದು ಚೀಲ ಎತ್ತಿಕೊಂಡು ಬಂದೆ.

ಕೊನೆಗೆ ಸಿಕ್ಕಿದ್ದು ಹಳೆ ಸಾಮಾನಿನ ಅಂಗಡಿಯಲ್ಲಿ. ಬಾಗಿಲು ಮುಚ್ಚಿದ ಯಾವುದೋ ಹಲ್ಲಿನ ಆಸ್ಪತ್ರೆಯಿಂದ ಬಂದ ಉಕ್ಕಿನ ಬೀರು. ದಪ್ಪ ತಗಡು, ಒಂಬತ್ತು ಡ್ರಾಯರು, ಎಲ್ಲವೂ ಒಂದೇ ಅಳತೆ. ಅವನದು ಏಳು, ನನ್ನದು ಒಂಬತ್ತು! ಸಾಕೆಟ್ಟೆಲ್ಲ ಸುರಿದು ಎಳೆದೆ, ಬಗ್ಗಲಿಲ್ಲ. ಕೊಂಡುಬಿಟ್ಟೆ. ಗಾಡಿಯಿಂದ ಇಳಿಸುವಾಗ ಒಂದು ಡ್ರಾಯರಿನಿಂದ ಪ್ಲಾಸ್ಟರಿನ ಹಲ್ಲಿನ ಅಚ್ಚೊಂದು ಉರುಳಿಬಿತ್ತು. ನನ್ನ ಹೆಂಡತಿ ಅದನ್ನು ಎತ್ತಿ ಹಿಡಿದು, “ಏನ್ರೀ, ಸ್ಪ್ಯಾನರ್‌ಗೆ ಹಲ್ಲುನೋವಾ?” ಎಂದು ನಕ್ಕೇ ನಕ್ಕಳು.

ಅದಕ್ಕೆ ಎರಡು ಕೈ ಕೆಂಪು ಬಣ್ಣ ಬಳಿದೆ. ಅವನದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಕೆಂಪು. ಪ್ರತಿ ಡ್ರಾಯರಿಗೂ ಚೀಟಿ ಬರೆದು ಅಂಟಿಸಿದೆ. ಷಡ್ಡಕನ ಅಕ್ಷರ ಮುತ್ತಿನಂತಿದೆ, ಅದಕ್ಕೆ ಸೋಲಬಾರದೆಂದು ಮೂರು ಮೂರು ಸಲ ಬರೆದೆ. ಬೀರು ಇಡಲು ಜಾಗ ಬೇಕಿತ್ತು. ಹಲಗೆ ಸಮೇತ ಡಬ್ಬಗಳನ್ನು ಎತ್ತಿ ಗುಜರಿಯವನ ತಳ್ಳುಗಾಡಿಗೆ ಎಸೆದೆ.

“ಯಾಕ್ರೀ ಅದನ್ನ ಹಾಕ್ತೀರಾ? ಮೂಲೇಲಿ ಬಿದ್ದಿರ್ಲಿ ಬಿಡಿ,” ಎಂದಳು ಹೆಂಡತಿ.

“ದರಿದ್ರ! ಆ ಹೆಸರೇ ಇಲ್ಲಿಂದ ಹೋಗ್ಬೇಕು,” ಎಂದೆ.

ತಳ್ಳುಗಾಡಿ ಎದುರುಗಡೆ ಷಡ್ಡಕನ ಶೆಡ್ಡಿನ ಮುಂದೆ ನಿಂತಿತು. ಅವನೂ ಏನೋ ಮಾರುತ್ತಿರಬೇಕು ಎಂದುಕೊಂಡು ನಾನು ಒಳಗೆ ಬಂದೆ. ಆ ವಾರವಿಡೀ ಕೆಲಸ ಮಾಡುವಾಗ ಎಡಗೈ ಚಾಚುವುದು, ಗಾಳಿ ಹಿಡಿಯುವುದು, ಎದ್ದು ಹೋಗಿ ಚೀಟಿ ಓದುವುದು. ಒಂದು ಹದಿನಾಲ್ಕರ ಸ್ಪ್ಯಾನರಿಗೆ ದಿನಕ್ಕೆ ಹತ್ತು ಸಲ ಎದ್ದೆ. ಸೊಂಟ ಬಿದ್ದುಹೋಯಿತು. ಇರಲಿ, ರೂಢಿಯಾಗುತ್ತದೆ ಎಂದುಕೊಂಡೆ.

ಭಾನುವಾರ ಮಾವ ಬಂದರು. ನನ್ನ ಹೆಂಡತಿಯ ಭುಜದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಮಂಡಿನೋವಿರಬೇಕು ಎಂದು ಕುರ್ಚಿ ಎಳೆದೆ. ಕೂರಲಿಲ್ಲ. ನೇರವಾಗಿ ಬೀರುವಿನ ಹತ್ತಿರ ಹೋಗಿ, ಮೇಲಿನಿಂದ ಕೆಳಗೆ ಒಂಬತ್ತೂ ಹಿಡಿಗಳ ಮೇಲೆ ಕೈಯಾಡಿಸಿದರು.

“ಹದಿನಾಲ್ಕರ ಸ್ಪ್ಯಾನರ್ ಯಾವುದ್ರಲ್ಲಿ ಇಟ್ಟಿದ್ದೀಯಪ್ಪಾ?”

“ಚೀಟಿ ಅಂಟ್ಸಿದ್ದೀನಲ್ಲ ಮಾವ, ಓದಿ,” ಎಂದೆ ಹೆಮ್ಮೆಯಿಂದ.

ಅವರು ಚೀಟಿಯ ಮೇಲೆ ಹೆಬ್ಬೆರಳಾಡಿಸಿದರು. ಒಂದು ಡ್ರಾಯರು ಎಳೆದರು, ಮುಚ್ಚಿದರು. ಇನ್ನೊಂದು ಎಳೆದರು, ಮುಚ್ಚಿದರು. “ಗಟ್ಟಿಯಾಗಿದೆ,” ಎಂದರು. ಆಮೇಲೆ ಪಕ್ಕದ ಬರಿಗೋಡೆಯ ಮೇಲೆ, ಮೊದಲು ಹಲಗೆಯಿದ್ದ ಎತ್ತರದಲ್ಲಿ ಕೈಯಿಟ್ಟು ತಡಕಿದರು. “ಇಲ್ಲಿ ನಿನ್ನ ಡಬ್ಬಗಳಿದ್ವಲ್ಲ?”

“ಅಯ್ಯೋ, ಅದನ್ನೆಲ್ಲ ಗುಜರಿಗೆ ಹಾಕ್ಬಿಟ್ಟೆ ಮಾವ!”

“ಹೌದಾ,” ಎಂದರು. ಅಷ್ಟೇ. ನಡಿ, ಅಲ್ಲಿಗೂ ಹೋಗೋಣ ಎಂದು ಮಗಳ ಭುಜ ಹಿಡಿದರು. ನಾನೂ ಹಿಂದೆಯೇ ಹೋದೆ. ಆ ಕೆಂಪು ಟ್ರಾಲಿಯ ಮುಂದೆ ಮಾವನ ಮುಖ ಅರಳುವುದನ್ನು ಕಣ್ಣಾರೆ ನೋಡಿ ಸಾಯಬೇಕೆಂಬ ಹಟ ನನಗೆ.

ಅರಳಲಿಲ್ಲ. ಟ್ರಾಲಿಯ ಏಳು ಹಿಡಿ ಮುಟ್ಟಿ, ಅಲ್ಲೂ “ಗಟ್ಟಿಯಾಗಿದೆ,” ಎಂದರು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅಷ್ಟರಲ್ಲಿ ಅವರ ಕೈ ಟ್ರಾಲಿಯ ಪಕ್ಕಕ್ಕೆ ಜಾರಿತು, ಇನ್ನೂ ಕೆಳಕ್ಕೆ, ಮಂಡಿಯೆತ್ತರಕ್ಕೆ. ಅಲ್ಲಿ, ರಸ್ತೆಗೆ ಕಾಣದಂತೆ ಟ್ರಾಲಿಯ ಮರೆಯಲ್ಲಿ, ನನ್ನ ಹಲಗೆ. ಹಲಗೆಯ ಮೇಲೆ ನನ್ನ ಡಬ್ಬಗಳು. ಹನ್ನೊಂದೂ!

ಮಾವನ ಬೆರಳು ಹುರಿ ಸುತ್ತಿದ ಡಬ್ಬ ಮುಟ್ಟಿತು, ತಂತಿ ಸುತ್ತಿದ್ದನ್ನು ಮುಟ್ಟಿತು, ರಬ್ಬರು ಸುತ್ತಿದ್ದರೊಳಗೆ ಇಳಿಯಿತು. ಹೊರಗೆ ಬಂದಾಗ ಕೈಯಲ್ಲಿ ಹದಿನಾಲ್ಕರ ಸ್ಪ್ಯಾನರಿತ್ತು. ಅದರ ಬಾಯಿಯನ್ನು ಹೆಬ್ಬೆರಳಿನಿಂದ ಅಳೆದು ನೋಡಿ ನಕ್ಕರು. ಆಗ ಅರಳಿತು ಮುಖ.

ಷಡ್ಡಕ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ನನ್ನ ಕಡೆ ತಿರುಗಿದ. “ಅಣ್ಣ, ತಪ್ಪು ತಿಳ್ಕೋಬೇಡಿ. ಗುಜರಿಯವನ ಹತ್ರ ನಾನೇ ಕೊಂಡ್ಕೊಂಡೆ. ನೀವು ಗಾಡಿಯಿಂದ ಕಣ್ಣು ತೆಗೀದೆ ಕೈ ಚಾಚಿ ಬೇಕಾದ್ದನ್ನೇ ಎತ್ಕೋತಿದ್ರಿ. ನಾನು ಒಂದೊಂದಕ್ಕೂ ನಾಲ್ಕು ಡ್ರಾಯರ್ ಎಳೀಬೇಕು. ಆರು ವರ್ಷದಿಂದ ನೋಡಿ ನೋಡಿ ಹೊಟ್ಟೆ ಉರ್ಕೊಂಡಿದ್ದೀನಿ ಅಣ್ಣ. ನೀವು ಇಟ್ಟಿದ್ದ ಹಾಗೇ ಇಟ್ಟಿದ್ದೀನಿ, ಒಂದನ್ನೂ ಆಚೀಚೆ ಮಾಡಿಲ್ಲ. ಬೇಕಾದ್ರೆ ಈಗ್ಲೇ ತಗೊಂಡು ಹೋಗಿ.”

ಮಾವ ಮುಖವನ್ನು ನನ್ನತ್ತ ತಿರುಗಿಸಿದರು. ಮತ್ತೆ ನನ್ನ ಕಿವಿಯ ಕಡೆಗೇ. “ಬೇಕೇನಪ್ಪಾ ನಿಂಗೆ?”

ಬೇಕು ಎಂದರೆ ಮುಗಿಯುತ್ತಿತ್ತು. ಒಂದೇ ಒಂದು ಮಾತು. ನನ್ನ ಎದುರಿಗೆ ಆ ಕಲೆಯಿಲ್ಲದ ಅಂಗಿ ನಿಂತಿತ್ತು, ಅದು ನನಗೆ ನನ್ನದೇ ವಸ್ತುವನ್ನು ದಾನ ಕೊಡುತ್ತಿತ್ತು. ಮೈಯೆಲ್ಲ ಉರಿದುಹೋಯಿತು.

“ಬೇಡ ಮಾವ. ಗುಜರಿಗೆ ಎಸೆದಿದ್ದನ್ನ ವಾಪಸ್ ತರೋವಷ್ಟು ಗತಿಗೆಟ್ಟಿಲ್ಲ ನಾನು. ನಂಗೆ ಬೀರು ಇದೆ.”

“ಹಂಗಾದ್ರೆ ನನ್ನ ಸಾಮಾನು ಇಲ್ಲೇ ಇರ್ಲಿ,” ಎಂದರು ಮಾವ. ಸ್ಪ್ಯಾನರನ್ನು ಅದರ ಡಬ್ಬಕ್ಕೆ ಸರಿಯಾಗಿ ಇಳಿಬಿಟ್ಟು, ಆಮೇಲೆ ನಿಧಾನವಾಗಿ ಹೇಳಿದರು. “ಕಣ್ಣು ಹೋಗ್ತಾ ಇದೆ ಕಣ್ರಪ್ಪಾ. ನೇರಕ್ಕೆ ನೋಡಿದ್ರೆ ಬರೀ ಮಬ್ಬು, ಅಂಚಲ್ಲಿ ಚೂರು ಕಾಣುತ್ತೆ. ಹೋಗಿದ್ದು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಅದಕ್ಕೇ ವರ್ಕ್‌ಶಾಪ್ ಮುಚ್ಚಿದ್ದು. ಸಾಮಾನು ಕೊಟ್ಬಿಟ್ಟು ಮನೇಲಿ ಗೋಡೆ ನೋಡ್ತಾ ಕೂರೋಕೆ ನನ್ ಕೈಲಾಗಲ್ಲ. ವಾರಕ್ಕೊಂದಿನ ಬಂದು, ಕೈಯಲ್ಲಿ ಮುಟ್ಟಿ ಹುಡುಕಿ, ಒಂದು ನಟ್ಟಾದ್ರೂ ಬಿಗೀಬೇಕು. ಅಂಥ ಜಾಗ ಒಂದೇ ಕಡೆ ಇರೋದು ಅಂತ ಗೊತ್ತಿತ್ತು ನಂಗೆ. ಅದು ರಸ್ತೆ ದಾಟಿದೆ ಅಂತ ಗೊತ್ತಿರ್ಲಿಲ್ಲ.”

ನನ್ನ ಹೆಂಡತಿ ಅಪ್ಪನ ಕೈ ಹಿಡಿದುಕೊಂಡು ಅತ್ತಳು. ಷಡ್ಡಕನೂ ಕಣ್ಣೊರೆಸಿಕೊಂಡ. ನನಗೂ ಅಳು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅದರಲ್ಲಿ ಮಾವನ ಕಣ್ಣಿಗೆಷ್ಟು, ನನ್ನ ಡಬ್ಬಗಳಿಗೆಷ್ಟು ಎಂದು ಕೇಳಬೇಡಿ. ಮನೆಗೆ ಬಂದ ಮೇಲೆ ಹೆಂಡತಿ ಒಂದೇ ಮಾತು ಹೇಳಿದ್ದು: “ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಸುಮ್ನೆ ಅಲ್ಲ.”

ಈಗ ಪ್ರತಿ ಭಾನುವಾರ ಮಾವ ಬರುತ್ತಾರೆ, ಎದುರುಗಡೆಗೆ. ಹೆಂಡತಿ ಟೀ ಒಯ್ಯುವುದೂ ಮೊದಲು ಆ ಕಡೆಗೇ. ಷಡ್ಡಕನ ಅಂಗಿಗೆ ಈಗೀಗ ಎಣ್ಣೆ ಕಲೆ ಆಗುತ್ತಿದೆ, ಮಾವ ಅವನನ್ನು ಪಕ್ಕದಲ್ಲೇ ನೆಲಕ್ಕೆ ಕೂರಿಸಿಕೊಳ್ಳುತ್ತಾರೆ. ಆ ಕಲೆ ಕಂಡರೂ ನನಗೆ ಉರಿಯುತ್ತದೆ. ಎದ್ದೂ ಎದ್ದೂ ಸಾಕಾಗಿ ನಾನು ಬೀರುವನ್ನು ಹಳೆ ಹಲಗೆಯಿದ್ದ ಜಾಗಕ್ಕೇ ಸರಿಸಿದ್ದೇನೆ. ಮೊನ್ನೆ ಹೊಸಬನೊಬ್ಬ ಸ್ಕೂಟರ್ ತಳ್ಳಿಕೊಂಡು ಬಂದು, “ಡಬ್ಬಾ ಗ್ಯಾರೇಜ್ ಇದೇನಾ ಅಣ್ಣ?” ಎಂದು ಕೇಳಿದ. ಇಲ್ಲ, ಎದುರುಗಡೆ ಎಂದು ತೋರಿಸಿದೆ. ಆ ಹೆಸರೂ ಹೋಯಿತು.

ಮಾವನಿಗೆ ಕೆಲಸ ಮಾಡುವಾಗ ಬೇಕಾದ ಸಾಮಾನಿನ ನಂಬರನ್ನು ಗಟ್ಟಿಯಾಗಿ ಹೇಳಿಕೊಳ್ಳುವ ಅಭ್ಯಾಸ. ಒಂಬತ್ತು ವರ್ಷ ಆ ದನಿ ಕೇಳಿ ಅವರ ಅಂಗೈಗೆ ಸಾಮಾನು ಇಟ್ಟವನು ನಾನು. “ಹದಿನಾಲ್ಕು,” ಎನ್ನುತ್ತಾರೆ ಆ ಕಡೆಯಿಂದ. ಇಲ್ಲಿ, ರಸ್ತೆಯ ಈ ಕಡೆ, ನನ್ನ ಎಡಗೈ ತನ್ನಷ್ಟಕ್ಕೆ ಮಂಡಿಯೆತ್ತರದಲ್ಲಿ ಚಾಚಿಕೊಳ್ಳುತ್ತದೆ. ಬೀರುವಿನ ಹಿಡಿಗೆ ಬಡಿದು ಗೆಣ್ಣು ತರಚುತ್ತದೆ.