ನಲವತ್ತೆರಡನೆಯ ದಿನ

ಎರ್ಮಾಳಿನ ನವ್ಯಶ್ರೀಗೆ ತನ್ನದು ಅಂತ ಇದ್ದದ್ದು ಒಂದೇ ಒಂದು ತಾರೀಕು. ಉಡುಪಿಯ ಡಾಕ್ಟರಮ್ಮ ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟದ್ದು: ಹೆರಿಗೆಯಾಗಿ ಆರು ವಾರಕ್ಕೆ ತಾಯಿ ತಪ್ಪದೆ ಬರಬೇಕು, ಒಬ್ಬರೇ ಮಾತಾಡಬೇಕು.

ಹಾಗೆ ಬರೆಯಲು ಕಾರಣವಿತ್ತು. ಏಳನೆಯ ತಿಂಗಳಲ್ಲಿ ಡಾಕ್ಟರಮ್ಮ, "ನಿದ್ದೆ ಬರ್ತದಾ? ಸುಮ್ಮಸುಮ್ಮನೆ ಅಳು ಬರ್ತದಾ?" ಎಂದು ಕೇಳಿದ್ದರು. ನವ್ಯಶ್ರೀ ಬಾಯಿ ತೆರೆಯುವ ಮೊದಲೇ ಅವಳ ಅಮ್ಮ ಸ್ವರ್ಣಲತಾ, "ಅವಳಿಗೆ ಎಂತದ್ದೂ ಇಲ್ಲ ಡಾಕ್ಟ್ರೇ. ಗಂಡ ಬೋಟಿಗೆ ಹೋಗಿದ್ದಾರಲ್ಲ, ಅದೇ ಬೇಜಾರು" ಎಂದುಬಿಟ್ಟಳು. ಮೀನು ಮಾರುವ ಹೆಂಗಸು, ಮಾತಿಗೆ ತಡವರಿಸಿ ಗೊತ್ತಿಲ್ಲ. ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತದೆ, ಹೊಟ್ಟೆಯೊಳಗೆ ಮಗು ಒದ್ದರೆ ಖುಷಿಯ ಬದಲು ಹೆದರಿಕೆಯಾಗುತ್ತದೆ ಎಂದು ಹೆತ್ತಮ್ಮನ ಎದುರು ಹೇಳುವುದು ಹೇಗೆ? ಡಾಕ್ಟರಮ್ಮ ಅಮ್ಮ-ಮಗಳ ಮುಖ ನೋಡಿ, ಕಾರ್ಡು ತಿರುಗಿಸಿ ಆ ಸಾಲು ಬರೆದರು.

ಹೆರಿಗೆಯಾಯಿತು, ಗಂಡುಮಗು. ಬೇಜಾರು ಮಾತ್ರ ಹೋಗಲಿಲ್ಲ. ಸ್ವರ್ಣಲತಾ ಮೀನಿನ ಬುಟ್ಟಿ ಬದಿಗಿಟ್ಟು ಬಾಣಂತನಕ್ಕೆ ಟೊಂಕ ಕಟ್ಟಿ ನಿಂತಳು. ದಿನವೂ ಎಣ್ಣೆ, ಹಂಡೆಗಟ್ಟಲೆ ಬಿಸಿನೀರು, ಕರಿಮೆಣಸಿನ ಕಷಾಯ, ಕಿವಿಗೆ ಬಟ್ಟೆ. ಮಗಳು ಬಚ್ಚಲಿನಲ್ಲಿ ಅತ್ತರೆ, "ಹೊಗೆ ಕಣ್ಣಿಗೆ ಹೋಯ್ತಾ?" ಎನ್ನುತ್ತಿದ್ದಳು. ಪ್ರೀತಿ ಇರಲಿಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆ ಪ್ರೀತಿಗೆ ಕಿವಿ ಇರಲಿಲ್ಲ, ಅಷ್ಟೇ.

ನಲವತ್ತನೆಯ ದಿನದ ಸ್ನಾನ ಮುಗಿಯಿತು. ನಲವತ್ತೆರಡನೆಯ ದಿನ ನವ್ಯಶ್ರೀ ಬೇಗ ಎದ್ದು ಚೂಡಿದಾರ ಹಾಕಿಕೊಂಡಳು. ಡಾಕ್ಟರಿಗೆ ಹೇಳಬೇಕಾದದ್ದನ್ನು ಒಂದು ವಾರದಿಂದ ಬಾಯಿಪಾಠ ಮಾಡಿದ್ದಳು. ಮಗುವಿಗೆ ಹಾಲು ಕುಡಿಸಿದ್ದೇ ತಡ, ಅಮ್ಮ ಅದನ್ನು ಎತ್ತಿಕೊಂಡಳು.

"ನೀನು ಎಂತಕ್ಕೆ? ಇಂಜೆಕ್ಷನ್ ಮಗುವಿಗೆ ಅಲ್ವಾ?"

"ನನಗೂ ಬರಲಿಕ್ಕೆ ಹೇಳಿದ್ದಾರೆ ಅಮ್ಮ. ಕಾರ್ಡಲ್ಲಿ ಉಂಟು."

"ಇಷ್ಟು ದಿನ ಮಾಡಿದ ಬಾಣಂತನ ರಿಕ್ಷಾದ ಗಾಳಿಗೆ ಹಾಳು ಮಾಡುವುದಾ? ನಾನೇ ಹೇಳ್ತೇನೆ ಅವರಿಗೆ."

ಆರು ವಾರದ ಕೂಸಿಗೆ ತಾಗದ ಗಾಳಿ ಇಪ್ಪತ್ತಾರರ ಹೆಂಗಸಿಗೆ ತಾಗುತ್ತದಂತೆ! ನವ್ಯಶ್ರೀ ಜಗಳಾಡಬಹುದಿತ್ತು. ಆದರೆ ಅವಳಲ್ಲಿ ಇದ್ದದ್ದು ನಾಲ್ಕು ಮಾತಾಡುವಷ್ಟೇ ತ್ರಾಣ. ಅದನ್ನು ಡಾಕ್ಟರಮ್ಮನಿಗೆಂದು ಎತ್ತಿಟ್ಟಿದ್ದಳು. ಪಕ್ಕದ ಮನೆಯ ವಾಸುವಿನ ರಿಕ್ಷಾ ಅಮ್ಮನನ್ನೂ ಮಗುವನ್ನೂ ಕೂರಿಸಿಕೊಂಡು ಹೊರಟೇ ಹೋಯಿತು.

ಮಧ್ಯಾಹ್ನ ಸ್ವರ್ಣಲತಾ ನಗುತ್ತಾ ಬಂದಳು. "ಇಂಜೆಕ್ಷನ್ ಕೊಡುವ ನರ್ಸ್ ಕೇಳಿದ್ರು, ತಾಯಿ ಹೇಗಿದ್ದಾರೆ ಅಂತ. ದುಂಡಗಾಗಿದ್ದಾಳೆ, ಚಂದ ಊಟ ಮಾಡ್ತಾಳೆ ಅಂದೆ. ಬರೆದೂ ಕೊಟ್ಟಿದ್ದಾರೆ, ನೋಡು. ಇನ್ನು ನೀನು ಹೋಗಬೇಕಂತಲೇ ಇಲ್ಲ."

ಕಾರ್ಡಿನಲ್ಲಿ ನೀಲಿ ಶಾಯಿಯಲ್ಲಿತ್ತು: ಆರು ವಾರದ ತಪಾಸಣೆ ಆಗಿದೆ, ತಾಯಿ ಆರೋಗ್ಯವಾಗಿದ್ದಾರೆ. ಕೆಳಗಿನ ತಾರೀಕುಗಳೆಲ್ಲ ಮಗುವಿನವು. ನವ್ಯಶ್ರೀ ಎರಡು ಸಲ ಓದಿ, ಕಾರ್ಡನ್ನು ಕಪಾಟಿನಲ್ಲಿಟ್ಟು, ಚೂಡಿದಾರ ಬಿಚ್ಚಿ ಮತ್ತೆ ನೈಟಿ ಹಾಕಿಕೊಂಡಳು.

ಮುಂದಿನ ವಾರ ದಡಕ್ಕೆ ಬಂದ ಅಳಿಯನ ಫೋನ್ ಬಂತು. ಸ್ವರ್ಣಲತಾಳ ದನಿಯಲ್ಲಿ ಗೆದ್ದವಳ ಸಂತೋಷವಿತ್ತು.

"ಎಂತ ತಲೆಬಿಸಿಯೂ ಬೇಡ ಲಕ್ಷಿತ್. ಅವಳು ಈಗ ಅಳುವುದು ಸಹ ಇಲ್ಲ."