ಯಾವ ಮರಕ್ಕೆಂದು ಕೇಳದೆ ಕೊಂಡ ಮಚ್ಚು

ಪರ್ತ್‌ನ ಆ ಅಂಗಡಿಯಲ್ಲಿ ಮಚ್ಚುಗಳನ್ನು ಗಾಜಿನ ಬೀರುವಿನೊಳಗಿಟ್ಟು ಬೀಗ ಹಾಕಿದ್ದರು. ಅಂಥ ಬೀರುವನ್ನು ನಾನು ಒಡವೆ ಅಂಗಡಿಯಲ್ಲಿ ಮಾತ್ರ ಕಂಡಿದ್ದೆ. ಬೀಗದ ಕೈ ಹಿಡಿದು ಬಂದ ಹುಡುಗಿ ನನ್ನ ಗುರುತಿನ ಚೀಟಿ ನೋಡಿದಳು, ಮುಖ ನೋಡಿದಳು, ಆಮೇಲೆ ಕೇಳಿದಳು: "ಇದು ನಿಮಗೆ ಯಾತಕ್ಕೆ ಬೇಕು?"

ನಲವತ್ತಮೂರು ವರ್ಷದಲ್ಲಿ ಈ ಮಾತನ್ನು ನನ್ನನ್ನು ಕೇಳಿದ್ದವನು ಒಬ್ಬನೇ, ಮದ್ದೂರಿನ ಹತ್ತಿರದ ನಮ್ಮೂರ ಕುಲುಮೆಯ ಆಚಾರಿ. "ಏನ್ ಕಡಿಯಕ್ಲಾ? ಕಬ್ಬಾ, ಎಳನೀರಾ, ಸೌದೆಯಾ?" ಎಂದು ಕೇಳಿ, ನನ್ನ ಕೈ ಚಾಚಿಸಿ ಬೆರಳಿನ ಉದ್ದ ನೋಡಿ, ಲಾರಿ ಪ್ಲೇಟಿನ ತುಂಡೊಂದನ್ನು ಬೆಂಕಿಗಿಡುತ್ತಿದ್ದ. ಅವನು ಕೇಳುತ್ತಿದ್ದದ್ದು ಮಚ್ಚನ್ನು ತಿಳಿಯುವುದಕ್ಕೆ. ಈ ಹುಡುಗಿ ಕೇಳಿದ್ದು ನನ್ನನ್ನು ತಿಳಿಯುವುದಕ್ಕೆ. ಅವಳ ತಪ್ಪೇನಿಲ್ಲ, ಹಾಗೆ ಕೇಳಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದಾರೆ. ಆದರೂ ನನ್ನ ಕಿವಿ ಬಿಸಿಯಾಯಿತು.

ಜೊತೆಗೆ ಬಂದಿದ್ದ ಮಗಳು ಸಿಂಚನಾ ನನ್ನ ಪರವಾಗಿ, ತೋಟದ ಕೆಲಸಕ್ಕೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮರ ಹತ್ತಿ ಕಾಯಿ ಇಳಿಸಿ, ಹೆದ್ದಾರಿ ಪಕ್ಕ ಎಳನೀರು ಕೊಚ್ಚಿ ಮಾರಿ ಬದುಕು ಕಟ್ಟಿಕೊಂಡೆ. ಹೆಂಡತಿ ಶೋಭಾ ನರ್ಸು. ಇಲ್ಲಿಗೆ ಬಂದದ್ದು ಅವಳ ಓದಿನ ಬಲದ ಮೇಲೆ. ನನ್ನ ವೀಸಾದಲ್ಲಿ ನಾನು ಅವಳ ಡಿಪೆಂಡೆಂಟ್, ಅಂದರೆ ಅವಳನ್ನು ನಂಬಿಕೊಂಡವನು. ವಿಲೆಟನ್‌ನಲ್ಲಿ ಬಾಡಿಗೆಗೆ ಮನೆ ಹಿಡಿದದ್ದು ಮಗಳ ಹೈಸ್ಕೂಲಿಗಾಗಿ. ಅಕ್ಕಪಕ್ಕದ ಕನ್ನಡದವರೆಲ್ಲ ಇಂಜಿನಿಯರುಗಳು, ಒಳ್ಳೆಯ ಜನ. ಹಬ್ಬದ ಊಟಕ್ಕೆ ಕರೆಯುತ್ತಾರೆ, ಎಲೆ ಮುಂದೆ ಕೂತ ಮೇಲೆ "ನೀವು ಯಾವ ಕಂಪನಿ ಸಾರ್?" ಎನ್ನುತ್ತಾರೆ. ಎಂಟು ತಿಂಗಳು ನಾನು ಆ ಪ್ರಶ್ನೆಗೆ ಹಪ್ಪಳ ಮುರಿದುಕೊಂಡು ಕೂತೆ.

ಹಗಲು ಶೋಭಾ ಡ್ಯೂಟಿಗೆ, ಮಗಳು ಸ್ಕೂಲಿಗೆ. ರಸ್ತೆಯಲ್ಲಿ ಒಂದು ಆಳಿಲ್ಲ. ಊರಲ್ಲಿ ನನ್ನ ಗಾಡಿಯ ಮುಂದೆ ದಿನಕ್ಕೆ ಎಷ್ಟು ಜನ ನಿಂತು ಗಂಜಿ ಇರೋದು ಕೊಡಿ, ನೀರು ಜಾಸ್ತಿ ಇರೋದು ಕೊಡಿ ಎನ್ನುತ್ತಿದ್ದರು. ಇಲ್ಲಿ ಮಧ್ಯಾಹ್ನದ ತನಕ ಬಾಯಿ ಬಿಡಲು ಕಾರಣವೇ ಇರುತ್ತಿರಲಿಲ್ಲ. ರಾಗಿ ಹಿಟ್ಟೇನೋ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಒಬ್ಬನಿಗೇ ಮುದ್ದೆ ತೊಳಸಲು ಮನಸ್ಸು ಬಾರದೆ ಬ್ರೆಡ್ಡು ತಿಂದುಬಿಡುತ್ತಿದ್ದೆ.

ಪಕ್ಕದ ಮನೆಯ ಹುಲ್ಲು ಕತ್ತರಿಸಲು ಗ್ಲೆನ್ ಎಂಬ ಗುತ್ತಿಗೆದಾರ ಬರುತ್ತಿದ್ದ. ಅರವತ್ತು ದಾಟಿದ, ಕೆಂಪು ಮುಖದ ಮನುಷ್ಯ. ಒಂದು ದಿನ ಬೇಲಿಯಾಚೆಯಿಂದ ನನಗಿದ್ದ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕೆಲಸ ಕೇಳಿದೆ. ತಾಳೆ ಜಾತಿಯ ಮರ ಸವರಲು ಬರುತ್ತದಾ ಎಂದ. ಅದಕ್ಕೆ ಅವನು ಹೇಳಿದ ಶಬ್ದ 'ಪಾಮ್'. ಪಾಮ್ ಮರದಲ್ಲೇ ಹುಟ್ಟಿದವನು ನಾನು ಎಂದುಬಿಟ್ಟೆ. ಅವನು ನಕ್ಕು, "ಗುರುವಾರ ಎಲೆನ್‌ಬ್ರೂಕ್‌ನಲ್ಲಿ ಎರಡು ಮರ ಇವೆ, ಬಾ. ನಿನ್ನ ಕೆಲಸ ನೋಡಿ ಹೇಳ್ತೀನಿ. ಕೈಗತ್ತಿ ನೀನೇ ತರಬೇಕು," ಎಂದ. ಯಾವ ಮರ ಎಂದು ನಾನು ಕೇಳಲಿಲ್ಲ. ಆಚಾರಿ ಜೀವನವಿಡೀ ನನ್ನನ್ನು ಕೇಳಿ ಕೇಳಿ ಕಲಿಸಿದ ಪ್ರಶ್ನೆಯನ್ನೇ ನಾನು ಕೇಳಲಿಲ್ಲ.

ಅಂಗಡಿಯ ಆ ಬೀರುವಿನಲ್ಲಿ ಮೂರು ಬಗೆ ಇದ್ದವು. ಒಂದು ಉದ್ದ, ತೆಳುವು, ನನ್ನ ಮೊಳಕ್ಕಿಂತ ಜಾಸ್ತಿ. ಇನ್ನೊಂದಕ್ಕೆ ಬೆನ್ನಲ್ಲಿ ಗರಗಸದ ಹಲ್ಲು, ನೋಡಲು ಚೆಂದ, ಎರಡು ಕೆಲಸಕ್ಕೂ ಅರೆಬರೆ. ಮೂರನೆಯದು ಗಿಡ್ಡ, ಅಗಲ, ಮುಂದಕ್ಕೆ ಭಾರ, ನಮ್ಮೂರಿನದರ ತಮ್ಮನ ಹಾಗೆ. ಅದನ್ನೇ ಎತ್ತಿ, ಕಣ್ಣಿನ ನೇರಕ್ಕೆ ಹಿಡಿದು ಬೆನ್ನು ಸೊಟ್ಟಗಿದೆಯಾ ನೋಡಿದೆ. ಉಗುರಿನಿಂದ ತಟ್ಟಿ ಕಿವಿಗೊಟ್ಟೆ. ತೂಕ ತಿಳಿಯಲು ಒಂದು ಸಲ ಬೀಸಿದೆ.

"ಅಪ್ಪಾ, ಪ್ಲೀಸ್, ಗಾಳೀಲಿ ಬೀಸ್ಬೇಡ. ಎಲ್ಲಾರೂ ನೋಡ್ತಿದಾರೆ," ಎಂದಳು ಮಗಳು.

"ಬೀಸದೆ ತಗೊಳ್ಳಕ್ಕೆ ಇದೇನು ಸೌಟಾ?"

"ಉದ್ದದ್ದು ತಗೋಬಹುದಲ್ವಾ? ಸೇಫ್ ಆಗಿ ದೂರದಿಂದ..."

"ದೂರದಿಂದ ಕಡಿಯೋನು ಕೆಲಸ ಬರದೋನು ಕಣವ್ವ."

ಆ ಮಾತಿನ ರುಚಿ ಗುರುವಾರ ಸಿಕ್ಕಿತು.

ಎಲೆನ್‌ಬ್ರೂಕ್ ಎಂದರೆ ನಕ್ಷೆ ಹಾಕಿ ಕಟ್ಟಿದ ಊರು. ಮನೆಗಳೆಲ್ಲ ಒಂದೇ ಅಚ್ಚಿನವು. ಈಜುಕೊಳದ ಪಕ್ಕ ನಿಂತಿದ್ದ ಮರ ನೋಡಿದ ತಕ್ಷಣ ಇದು ತೆಂಗಲ್ಲವೆಂದು ಗೊತ್ತಾಯಿತು. ಖರ್ಜೂರದ ಜಾತಿ, ನಮ್ಮ ಈಚಲಿನ ದೊಡ್ಡಣ್ಣ. ಗರಿಯ ಬುಡದಲ್ಲಿ ಬೆರಳುದ್ದದ ಮುಳ್ಳು, ಸಾಲು ಸಾಲು. ತೆಂಗಿನ ಮಟ್ಟೆಗೆ ಎದೆಯೊಡ್ಡಿ ಬೆಳೆದವನು ನಾನು, ಈಚಲಿನ ತಂಟೆಗೆ ಹೋದವನೇ ಅಲ್ಲ. ನನ್ನ ಗಿಡ್ಡ ಮಚ್ಚು ಬುಡ ಮುಟ್ಟಬೇಕಾದರೆ ಕೈ ಮುಳ್ಳಿನ ನಡುವೆ ಹೋಗಲೇಬೇಕು.

ತಪ್ಪು ಮಚ್ಚು ತಂದೆ ಎಂದು ಅಲ್ಲೇ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಪಾಮ್‌ನಲ್ಲಿ ಹುಟ್ಟಿದೆ ಎಂದ ಬಾಯಿ ಅದು, ತೆರೆಯಲಿಲ್ಲ. ಏಣಿ ಹತ್ತಿ ಹೊಡೆಯತೊಡಗಿದೆ. ಆರು ಗರಿ ಬಿದ್ದವು. ಏಳನೆಯದಕ್ಕೆ ಮುಳ್ಳು ಕೈಗವಸು ತೂರಿ ಗೆಣ್ಣಿಗೆ ಇಳಿದು ಒಳಗೇ ಮುರಿಯಿತು. ಬೆರಳು ಊದಿ ಮಚ್ಚಿನ ಹಿಡಿ ಹಿಡಿಯಲು ಆಗದಂತಾಯಿತು. ಈ ಕೆಲಸ ಕೆಟ್ಟರೆ ಮತ್ತೆ ಆ ಮನೆಯ ಮೌನಕ್ಕೆ, ಹಪ್ಪಳದ ಎಲೆಗೆ ವಾಪಸ್ ಎಂದುಕೊಂಡು ಎಡಗೈಗೆ ಮಚ್ಚು ಬದಲಾಯಿಸಿದೆ.

ಅಷ್ಟರಲ್ಲಿ ಸ್ಮೋಕೋ ಹೊತ್ತಾಯಿತು. ಇಲ್ಲಿ ಕೆಲಸದವರು ಟೀ ಬಿಡುವಿಗೆ ಹಾಗೆನ್ನುತ್ತಾರೆ, ಯಾರೂ ಸಿಗರೇಟು ಸೇದದಿದ್ದರೂ. ಗ್ಲೆನ್ ನನ್ನ ಕೈ ನೋಡಿದ. ಗಾಡಿಗೆ ಹೋಗಿ ತನ್ನ ಉದ್ದದ ಕತ್ತಿ ತಂದು, ಹಿಡಿ ನನ್ನ ಕಡೆ ಮಾಡಿ ಚಾಚಿದ.

ನಾನು ತೆಗೆದುಕೊಳ್ಳಲಿಲ್ಲ.

ನಮ್ಮಲ್ಲಿ ಕಬ್ಬಿಣವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವನಿಗೂ ತಗೊಂಡವನಿಗೂ ಜಗಳ. ನನ್ನ ಕೈ ನಾನು ಹೇಳುವ ಮೊದಲೇ ಬೆನ್ನ ಹಿಂದೆ ಹೋಗಿತ್ತು. ಗ್ಲೆನ್‌ನ ಮುಖ ಗಟ್ಟಿಯಾಯಿತು.

"ನನ್ನ ಕತ್ತಿ ನಿನಗೆ ಸಾಲಲ್ವಾ? ಕೈ ಹೋದರೂ ಜಂಬ ಬಿಡಲ್ವಾ?" ಎಂದ.

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನೆಲ ತೋರಿಸಿದೆ. "ಕೆಳಗಿಡು. ನಾನು ಎತ್ಕೋತೀನಿ. ನಮ್ಮೂರಲ್ಲಿ ಕತ್ತಿ ಕೈಗೆ ಕೊಟ್ಟರೆ ಜಗಳ ಬರುತ್ತೆ. ನಿನ್ನ ಜೊತೆ ನನಗೆ ಜಗಳ ಬೇಡ," ಎಂದೆ, ನನ್ನ ಮುರುಕು ಇಂಗ್ಲಿಷಿನಲ್ಲಿ. ಆಮೇಲೆ ಇನ್ನೊಂದೂ ಹೇಳಿದೆ, ಅದೇ ಕಷ್ಟದ್ದು: "ನಾನು ತಂದದ್ದು ತೆಂಗಿನ ಮಚ್ಚು. ಯಾವ ಮರ ಅಂತ ನಿನ್ನನ್ನ ಕೇಳಲಿಲ್ಲ. ತಪ್ಪು ನನ್ನದು."

ಅವನು ಬಗ್ಗಿ ಕತ್ತಿಯನ್ನು ಹುಲ್ಲಿನ ಮೇಲಿಟ್ಟು ಹಿಂದೆ ಸರಿದ. ನಾನು ಮುಟ್ಟಿ ಕಣ್ಣಿಗೊತ್ತಿಕೊಂಡು ಎತ್ತಿದೆ. ಅವನು ನಗಲಿಲ್ಲ. ಪ್ಲಾಸ್ಟಿಕ್ ಡಬ್ಬಿಯಿಂದ ಚಿಮುಟ ತೆಗೆದು, "ಮೊದಲು ಮುಳ್ಳು," ಎಂದ.

ಆ ತೆಳು ಕತ್ತಿಗೆ ತೋಳಿನ ಬಲ ಬೇಡ, ದೂರ ನಿಂತು ಮಣಿಕಟ್ಟು ತಿರುಗಿಸಿದರೆ ಸಾಕು. ಮೊದಲು ಎರಡು ಏಟು ಹುಸಿಹೋದವು. ಆಮೇಲೆ ಕೈಗೆ ತಿಳಿಯಿತು. ಆರ್ವೋ ಮೂರಕ್ಕೆ ಎರಡೂ ಮರ ಮುಗಿದವು. ಮಧ್ಯಾಹ್ನದ ಮೇಲಿನ ಹೊತ್ತಿಗೆ ಇವರು ಆರ್ವೋ ಎನ್ನುತ್ತಾರೆ. ಕತ್ತಿ ಒರೆಸಿ, ಬಂದ ಹಾಗೆಯೇ ಗ್ಲೆನ್‌ನ ಮುಂದೆ ಹುಲ್ಲಿನ ಮೇಲಿಟ್ಟೆ.

ಅವನು ಎತ್ತಿಕೊಳ್ಳಲಿಲ್ಲ. ಏಣಿ ಹೆಗಲಿಗೇರಿಸಿ, "ಸೋಮವಾರ ಅದನ್ನ ತಗೊಂಡು ಬಾ," ಎಂದು ಗಾಡಿಯ ಕಡೆ ನಡೆದ.

ಮನೆಗೆ ಬಂದಾಗ ಶೋಭಾ ಬೆರಳು ಹಿಡಿದು ಬೈದಳು. "ಎಂಟು ತಿಂಗಳಿಂದ ಸುಮ್ನೆ ಕೂತಿದ್ರಿ ಅಂತ ಯಾರಾದ್ರೂ ಏನಾದ್ರೂ ಅಂದ್ರಾ ನಿಮಗೆ?" ಎಂದಳು. ಯಾರೂ ಅಂದಿರಲಿಲ್ಲ. ಆ ಸಂಜೆ ಅವಳೇ ಮುದ್ದೆ ತೊಳಸಿದಳು.

ಅದಾಗಿ ಮೂರು ವರ್ಷ. ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ನನ್ನ ಎಳನೀರು ಗಾಡಿ ಈಗ ತಮ್ಮ ಕೆಂಪರಾಜುವಿನದು. ಮೊದಲ ದಿನವೇ ಅವನ ಮಚ್ಚು ಎತ್ತಿಕೊಂಡು ಗಿರಾಕಿಗೆ ಕೊಚ್ಚಲು ನಿಂತೆ. ಏಟು ಜಾರಿತು. ಇನ್ನೊಂದು ಹೊಡೆದೆ, ನೀರೆಲ್ಲ ಪಾದದ ಮೇಲೆ.

"ಅದ್ಯಾಕಣ್ಣ ಅಷ್ಟು ದೂರ ನಿಂತ್ಕಂಡಿದ್ದೀಯೆ? ಎಳನೀರೇನು ಕಚ್ತದಾ ನಿನ್ನ?" ಎಂದು ತಮ್ಮ ನಕ್ಕ. "ಹತ್ರುಕ್ ಬಾ."

ಗಿರಾಕಿಯೂ ನಕ್ಕ. ಹತ್ತಿರ ಹೋದೆ. ಹದ ಸಿಗಲು ಒಂದು ವಾರ ಹಿಡಿಯಿತು. ಮೂರನೇ ವಾರದಲ್ಲಿ ಮೂರೇ ಏಟಿಗೆ ಕಾಯಿ ಬಾಯಿಬಿಡುತ್ತಿತ್ತು. ಅಷ್ಟರಲ್ಲಿ ವಿಮಾನದ ದಿನ ಬಂತು.

ಪರ್ತ್‌ಗೆ ಮರಳಿದ ಮೊದಲ ಸೋಮವಾರ ಫ್ರೀಮ್ಯಾಂಟಲ್‌ನ ಒಂದು ಹಿತ್ತಲಲ್ಲಿ ಅದೇ ಮುಳ್ಳಿನ ಜಾತಿಯ ಮರ ಸವರುತ್ತಿದ್ದೆ. ಅದೇ ಗೆಣ್ಣಿಗೆ ಮುಳ್ಳು ಇಳಿಯಿತು. ಗ್ಲೆನ್ ಚಿಮುಟ ತಂದು, ನನ್ನ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದ.

"ತುಂಬ ಹತ್ತಿರ ನಿಂತಿದ್ದೀಯ," ಎಂದ. "ಊರಿಗೆ ಹೋಗಿ ಬಂದವನ ಕೈ ಇದು."